ಧರ್ಮದರ್ಶಿಗಳ ಧರ್ಮ

(ಗಂಡಸಿಯ ಭಕ್ತಸಮೂಹದ ಮುಂದೆ ನಡೆದ ಉಪನ್ಯಾಸದ ಪಾಠ)



ತರುಣರಿಗೆ ಅನ್ನವನ್ನೂ ಆಶ್ರಯವನ್ನೂ ಸನ್ಮಾರ್ಗವನ್ನೂ ಒದಗಿಸಬೇಕೆಂಬ ಸಂಕಲ್ಪದಿಂದ ನಾಡಿನಲ್ಲಿ ಅನೇಕ ಸಂಘಗಳು ಹುಟ್ಟಿರುವುವು, ಹುಟ್ಟುತ್ತಲೂ ಇರುವುವು. ಇಂತಹ ಸಂಘವೊಂದು ಹುಟ್ಟಿದೊಡನೆಯೇ ಏಳುವ ಮೊದಲನೆಯ ಪ್ರಶ್ನೆಯು "ಅಧ್ಯಕ್ಷರು ಯಾರು?" ಎಂಬುದು. ಎರಡನೆಯದು "ಶಿಲೆಯ ಮೇಲೆ ಯಾರ ಹೆಸರನ್ನು ಕೆತ್ತಿಸಬೇಕು?" ಎಂಬುದು. "ಇದೆಲ್ಲವೂ ಯಾವ ಮಗುವಿಗಾಗಿ?" ಎಂಬ ಪ್ರಶ್ನೆಯಾದರೋ ಬಹುಧಾ ಕಡೆಯಲ್ಲಿ ಬರುವುದು, ಕೆಲವೆಡೆ ಬಾರದೆಯೇ ಹೋಗುವುದು. ಆದಕಾರಣ ಇಂತಹ ಸಂಘಗಳ ಆಡಳಿತ ಮಂಡಲಿಯಲ್ಲಿ ಕುಳಿತುಕೊಳ್ಳುವ ಧರ್ಮದರ್ಶಿಗಳ ಧರ್ಮವೇನು ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಗಂಡಸಿ ಹೋಬಳಿಯ ಹಳ್ಳಿಯೊಂದರಲ್ಲಿ ಹದಿನಾರು ವರುಷದ ಬಾಲಕನೊಬ್ಬನಿರುವನೆಂದು ಭಾವಿಸಿರಿ. ಮನೆಗೆ ಆಧಾರವಾದುದು ನಾಲ್ಕಾರು ಸಾಲು ತೆಂಗು. ಮಳೆ ಹೋದ ವರುಷ ಕಾಯಿ ಇಳಿಯದು. ಅರಸೀಕೆರೆಯ ಪೇಟೆಯಲ್ಲಿ ಕೊಬ್ಬರಿಯ ಧಾರಣೆ ಕುಸಿದರೆ ಮನೆಯ ಲೆಕ್ಕವೆಲ್ಲವೂ ತಪ್ಪುವುದು. ಬಾಲಕನು ಬುದ್ಧಿವಂತನೇ. ಆದರೆ ಹತ್ತನೆಯ ತರಗತಿಯಾದ ಮೇಲೆ ಯಾವ ದಾರಿಯನ್ನು ಹಿಡಿಯಬೇಕು, ಯಾವ ಅರ್ಜಿಯನ್ನು ಯಾವ ದಿನದೊಳಗೆ ಹಾಕಬೇಕು, ಪಟ್ಟಣದಲ್ಲಿ ಯಾರ ಬಾಗಿಲನ್ನು ತಟ್ಟಬೇಕು ಎಂಬುದನ್ನು ಹೇಳುವವರು ಮನೆಯಲ್ಲಿಲ್ಲ; ತಂದೆಯು ಕಾಲೇಜಿನ ಮೆಟ್ಟಿಲನ್ನು ಕಂಡವನಲ್ಲ. ಈ ಬಾಲಕನಿಗೆ ಬೇಕಾದುದು ಹಣ ಮಾತ್ರವಲ್ಲ. ಅವನು ಎರಡು ದಿನ ಶಾಲೆಗೆ ಬಾರದಿದ್ದರೆ "ಏಕೆ ಬರಲಿಲ್ಲ, ಮಗು?" ಎಂದು ಕೇಳುವ ಹಿರಿಯನೊಬ್ಬನು ಬೇಕು. ಅಂತಹ ಹಿರಿಯರನ್ನು ಹುಡುಕಿ, ಒಬ್ಬೊಬ್ಬರಿಗೆ ಒಬ್ಬೊಬ್ಬ ಬಾಲಕನನ್ನು ಒಪ್ಪಿಸಿ, ಆ ಸಂಬಂಧವು ಕೆಡದಂತೆ ಕಾಯುವುದೇ ಮಂಡಲಿಯ ಕೆಲಸ. ಮಿಕ್ಕುದೆಲ್ಲವೂ ಇದಕ್ಕೆ ಸಾಧನ.

ಹಾಗಾದರೆ ಮುಂದಿನ ಪೀಠದಲ್ಲಿ ಕುಳಿತುಕೊಳ್ಳಲು ಅರ್ಹರು ಯಾರು? ಇದಕ್ಕೆ ಶರಣರ ಪರಂಪರೆಯಲ್ಲಿಯೇ ಉತ್ತರವುಂಟು. ಕಲ್ಯಾಣದ ಅನುಭವ ಮಂಟಪಕ್ಕೆ ಆಧಾರವಾಗಿದ್ದವರು ಬಸವಣ್ಣನವರು. ಅಧಿಕಾರವೂ ಅವರ ಕೈಯಲ್ಲಿದ್ದಿತು. ದಾಸೋಹದ ಭಾರವೂ ಅವರ ಮೇಲಿದ್ದಿತು. ಆದರೂ ಶೂನ್ಯ ಸಿಂಹಾಸನವನ್ನು ಅವರು ಏರಲಿಲ್ಲ. ಅಲ್ಲಮಪ್ರಭುಗಳನ್ನು ಅದರ ಮೇಲೆ ಕುಳ್ಳಿರಿಸಿ, ತಾವು ಕೆಳಗೆ ನಿಂತು ಸೇವೆಮಾಡಿದರೆಂದು ಶೂನ್ಯಸಂಪಾದನೆಯ ಪರಂಪರೆಯು ಸಾರುವುದು. ಕಟ್ಟಿದವನೇ ಕುಳಿತುಕೊಳ್ಳಬೇಕೆಂಬ ನಿಯಮವಿಲ್ಲ. ಕೊಟ್ಟವನೇ ಆಳಬೇಕೆಂಬ ನಿಯಮವೂ ಇಲ್ಲ. ಪೀಠವು ಯೋಗ್ಯತೆಯದು, ಸೇವೆಯು ಎಲ್ಲರದು.

ಇದು ಪುರಾತನರ ಕಾಲಕ್ಕೆ ಮಾತ್ರ ಸಲ್ಲುವ ಮಾತೆಂದು ಯಾರೂ ತಿಳಿಯಬಾರದು. ಅರಸೀಕೆರೆಯಲ್ಲಿ ರೈಲನ್ನು ಹತ್ತಿ ಬೆಂಗಳೂರಿಗೆ ಹೋಗುವವರು ತಿಪಟೂರನ್ನು ದಾಟಿದ ಮೇಲೆ ಗುಬ್ಬಿಯನ್ನು ಕಾಣುವರು. 1838ರಲ್ಲಿ ಜನಿಸಿದ ತೋಟದಪ್ಪನವರು ಆ ಊರಿನವರು. ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರಮಾಡಿ ಧನವನ್ನು ಗಳಿಸಿದರು. ಮಕ್ಕಳಿಲ್ಲದ ಅವರು ನಾಡಿನ ಮಕ್ಕಳನ್ನೇ ತಮ್ಮವರೆಂದು ಬಗೆದರು. ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿ ನೆಲವನ್ನು ಕೊಂಡು ಕಟ್ಟಿಸಿದ ಧರ್ಮಛತ್ರವು 1903ರಲ್ಲಿ ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರ ಹಸ್ತದಿಂದ ತೆರೆಯಲ್ಪಟ್ಟಿತು. ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಏರ್ಪಟ್ಟಿತು. ಆದರೆ ಆ ಮಹನೀಯರ ವಿವೇಕವು ಕಟ್ಟಡಕ್ಕಿಂತ ಹೆಚ್ಚಾಗಿ ಇನ್ನೊಂದರಲ್ಲಿ ಕಾಣುವುದು. ತಮ್ಮ ಆಸ್ತಿಯನ್ನು ಧರ್ಮಕ್ಕೆ ಬರೆದಿಟ್ಟು, ಅದನ್ನು ನಡೆಸುವ ಭಾರವನ್ನು ಕೆ. ಪಿ. ಪುಟ್ಟಣ್ಣಚೆಟ್ಟಿಯವರಂತಹ ಕಾರ್ಯದಕ್ಷರ ಅಧ್ಯಕ್ಷತೆಗೆ ಒಪ್ಪಿಸಿದರು. ಬೆಂಗಳೂರಿನ ಪುರಭವನವು ಇಂದಿಗೂ ಯಾರ ಹೆಸರನ್ನು ಧರಿಸಿದೆಯೋ ಅವರೇ ಇವರು. ತೋಟದಪ್ಪನವರು 1910ರಲ್ಲಿ ಲಿಂಗೈಕ್ಯರಾದರು. ಅವರೊಡನೆ ಅವರ ಧರ್ಮವು ಅಳಿಯಲಿಲ್ಲ, ಇಂದಿಗೂ ನಡೆಯುತ್ತಿದೆ. ದಾನವನ್ನು ಕೊಡುವುದು ಒಂದು ಪುಣ್ಯ. ಕೊಟ್ಟ ಮೇಲೆ ಕೈಯನ್ನು ಬಿಡುವುದು ಎರಡನೆಯ ಪುಣ್ಯ. ಮೊದಲನೆಯದನ್ನು ಮಾಡುವವರು ಅನೇಕರುಂಟು; ಎರಡನೆಯದನ್ನು ಮಾಡುವವರು ವಿರಳ.

ಒಬ್ಬ ಮಹಾತ್ಮರ ಕರುಣೆಯೇ ಸಾಕಲ್ಲವೆ, ಮಂಡಲಿಯೇಕೆ, ನಿಯಮವೇಕೆ ಎಂದು ಕೆಲವರು ಕೇಳುವುದುಂಟು. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು 1940ರ ದಶಕದಲ್ಲಿ ಮೈಸೂರಿನಲ್ಲಿ ಬಡ ವಿದ್ಯಾರ್ಥಿಗಳಿಗೆ ಅನ್ನಾಶ್ರಯವನ್ನು ಕಲ್ಪಿಸಿದರು. ಆಗ ಇದ್ದುದು ಕರುಣೆಯೊಂದೇ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. 1954ರಲ್ಲಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವನ್ನು ಸ್ಥಾಪಿಸಿ ಆ ಕರುಣೆಗೆ ಒಂದು ಶರೀರವನ್ನು ಕೊಟ್ಟರು. 1986ರಲ್ಲಿ ಅವರು ಲಿಂಗೈಕ್ಯರಾದ ಮೇಲೆಯೂ ಆ ಶರೀರವು ಬೆಳೆಯುತ್ತಲೇ ಬಂದಿತು. ನಿಯಮವಿಲ್ಲದ ಕರುಣೆಯು ಒಬ್ಬರ ಆಯುಷ್ಯದೊಡನೆ ಮುಗಿಯುವುದು; ಕರುಣೆಯಿಲ್ಲದ ನಿಯಮವು ಹುಟ್ಟುವಾಗಲೇ ಸತ್ತಿರುವುದು. ಎರಡನ್ನೂ ಕೂಡಿಸುವುದೇ ಧರ್ಮದರ್ಶಿಗಳ ಕೌಶಲ.

ಇನ್ನು ಲೆಕ್ಕದ ವಿಷಯ. ಬಸವಣ್ಣನವರು ಭಂಡಾರದ ಹಣವನ್ನು ಜಂಗಮರಿಗೆ ವ್ಯಯಮಾಡುವರೆಂದು ಕೊಂಡೆಯರು ಬಿಜ್ಜಳರಾಯನಿಗೆ ಚಾಡಿ ಹೇಳಿದರೆಂದೂ, ಅರಸನು ಎಣಿಸಿ ನೋಡಲಾಗಿ ಒಂದು ನಾಣ್ಯವೂ ಕಡಿಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುವುವು. ಇದನ್ನು ಪವಾಡವೆಂದು ಕೈಮುಗಿದು ಸುಮ್ಮನಾಗುವವರೇ ಹೆಚ್ಚು. ಆದರೆ ಅದರೊಳಗಿನ ನೀತಿಯನ್ನು ನೋಡಿರಿ: ಬಸವಣ್ಣನವರು ಎಣಿಕೆಗೆ ಅಡ್ಡಬರಲಿಲ್ಲ. "ಇಷ್ಟು ವರ್ಷ ಸೇವೆಮಾಡಿದ ಎಮ್ಮನ್ನು ಲೆಕ್ಕ ಕೇಳುವಿರಾ?" ಎಂದು ಮುನಿಯುವ ಧರ್ಮದರ್ಶಿಯು ಆ ಕಥೆಯನ್ನು ಇನ್ನೊಮ್ಮೆ ಓದಬೇಕು. ಕರ್ನಾಟಕದಲ್ಲಿ ಸಂಘಗಳ ನೋಂದಣಿಗೆ 1960ರ ಕಾನೂನುಂಟು. ಅದರಂತೆ ವರುಷಕ್ಕೊಮ್ಮೆ ಸರ್ವಸದಸ್ಯರ ಸಭೆಯು ಸೇರಬೇಕು, ಲೆಕ್ಕವು ಒಪ್ಪಿಸಲ್ಪಡಬೇಕು. ಆದರೆ ಕಾನೂನು ಕೇಳುವುದು ರೂಪಾಯಿಯ ಲೆಕ್ಕವನ್ನು ಮಾತ್ರ. ಈ ವರುಷ ಎಷ್ಟು ಬಾಲಕರು ಬಂದರು, ಎಷ್ಟು ಮಂದಿ ನಡುವೆಯೇ ಬಿಟ್ಟುಹೋದರು, ಏಕೆ ಹೋದರು ಎಂಬ ಲೆಕ್ಕವನ್ನು ಯಾವ ಕಚೇರಿಯೂ ಹೀಗೆ ಕೂಡ್ರಿಸಿ ಕೇಳದು. ಅದನ್ನು ಮಂಡಲಿಯು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಬಿಟ್ಟುಹೋದ ಒಬ್ಬ ಬಾಲಕನ ಹೆಸರನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದರೆ, ಹತ್ತು ಸನ್ಮಾನಗಳು ಕಲಿಸದ ಪಾಠವು ಅದರಿಂದ ದೊರೆಯುವುದು.

ಇದಕ್ಕಿಂತಲೂ ಕಠಿನವಾದ ಪರೀಕ್ಷೆಯೊಂದುಂಟು. ಹೇಳುವುದಕ್ಕೆ ನಾಲಗೆ ಹಿಂಜರಿಯುವ ವಿಷಯವಾದರೂ ಹೇಳದೆ ಬಿಡುವುದು ಅಧರ್ಮ. ಮಕ್ಕಳನ್ನು ಹಿರಿಯರ ವಶಕ್ಕೆ ಒಪ್ಪಿಸುವ ಸಂಸ್ಥೆಯಲ್ಲಿ ಎಂದಾದರೊಂದು ದಿನ ಒಂದು ಮಗುವು ನಡುಗುತ್ತ ಬಂದು, "ಅವರು ನನಗೆ ಹೀಗೆ ಮಾಡಿದರು" ಎಂದು ಹೇಳಬಹುದು. ಆ ಕ್ಷಣದಲ್ಲಿ ಮಂಡಲಿಯ ಮುಂದೆ ಎರಡು ದಾರಿಗಳು ತೆರೆಯುವುವು. "ಸಂಸ್ಥೆಯ ಮಾನ ಹೋಗುವುದು, ಒಳಗೊಳಗೇ ಮುಗಿಸೋಣ" ಎಂಬುದು ಒಂದು. ಮಗುವಿನ ಮಾತನ್ನು ಕೇಳಿ, ಆ ಹಿರಿಯನು ಎಷ್ಟೇ ದೊಡ್ಡವನಾಗಿದ್ದರೂ ಅವನನ್ನು ದೂರವಿಟ್ಟು, ವಿಷಯವನ್ನು ಕೂಡಲೇ ಅಧಿಕಾರಿಗಳಿಗೆ ತಿಳಿಸುವುದು ಇನ್ನೊಂದು. 2012ರಲ್ಲಿ ಆದ ಮಕ್ಕಳ ರಕ್ಷಣೆಯ ಕಾನೂನಿನಂತೆ ಲೈಂಗಿಕ ಅಪರಾಧವನ್ನು ತಿಳಿದೂ ತಿಳಿಸದಿರುವುದು ತಾನೇ ಒಂದು ಅಪರಾಧವಾಗುವುದು. ಕಾನೂನಿಲ್ಲದಿದ್ದರೂ ಶರಣಧರ್ಮದಲ್ಲಿ ಮೊದಲನೆಯ ದಾರಿಗೆ ಎಡೆಯಿಲ್ಲ. ಮಗುವಿನ ಕಣ್ಣೀರಿನಿಂದ ತೊಳೆದ ಮಾನವು ಮಾನವಲ್ಲ. ಸಂಸ್ಥೆಯು ಮಗುವಿಗಾಗಿ ಹುಟ್ಟಿತೇ ಹೊರತು ಮಗುವು ಸಂಸ್ಥೆಗಾಗಿ ಹುಟ್ಟಲಿಲ್ಲ. ಅಧ್ಯಕ್ಷನ ಯೋಗ್ಯತೆಯು ಉತ್ಸವದ ವೇದಿಕೆಯ ಮೇಲೆ ತಿಳಿಯದು. ಆ ಒಂದು ದಿನ ತಿಳಿಯುವುದು.

ಕಡೆಯದಾಗಿ, ಪೀಠವನ್ನು ಬಿಟ್ಟುಕೊಡುವ ವಿಚಾರ. ಅಲ್ಲಮಪ್ರಭುಗಳ ತರುವಾಯ ಶೂನ್ಯ ಸಿಂಹಾಸನವು ಚೆನ್ನಬಸವಣ್ಣನವರಿಗೆ ಸಂದಿತೆಂದು ಪರಂಪರೆಯು ಹೇಳುವುದು. ವಯಸ್ಸಿನಲ್ಲಿ ಅವರು ಅತಿ ಕಿರಿಯರು. ಸೊನ್ನಲಿಗೆಯಲ್ಲಿ ಕೆರೆಗಳನ್ನು ಕಟ್ಟಿಸಿದ ಸಿದ್ಧರಾಮೇಶ್ವರರಂತಹ ಹಿರಿಯರು ಆ ಕಿರಿಯರಿಂದಲೇ ದೀಕ್ಷೆಯನ್ನು ಪಡೆದರು. ತರುಣರಿಗೆ ದಾರಿ ತೋರುವ ಸಂಘದಲ್ಲಿ ತರುಣರಿಗೇ ಸ್ಥಾನವಿಲ್ಲದಿದ್ದರೆ ಆ ದಾರಿಯು ಎಲ್ಲಿಗೆ ಹೋಗುವುದು?

ಇದಕ್ಕೆ ಸಮೀಪದ ನಿದರ್ಶನವು ಅದೇ ರೈಲಿನ ದಾರಿಯಲ್ಲಿ, ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿದೆ. ಬಾಲಕನೊಬ್ಬನು ಅಲ್ಪಕಾಲ ಆ ಮಠದಲ್ಲಿ ವಿದ್ಯಾರ್ಥಿಯಾಗಿ ಇದ್ದನು. ಉದ್ಧಾನ ಶಿವಯೋಗಿಗಳು 1930ರಲ್ಲಿ ಆತನನ್ನೇ ಉತ್ತರಾಧಿಕಾರಿಯನ್ನಾಗಿ ಆರಿಸಿದರು. ಆಮೇಲೆ ಹನ್ನೊಂದು ವರ್ಷಗಳ ಕಾಲ ಗುರುವಿನ ಕಣ್ಣೆದುರಿನಲ್ಲಿಯೇ ಶಿಷ್ಯನು ಭಾರವನ್ನು ಹೊರುವುದನ್ನು ಕಲಿತನು. 1941ರಲ್ಲಿ ಪೀಠವನ್ನು ಏರಿದ ಅವರೇ ಶ್ರೀ ಶಿವಕುಮಾರ ಮಹಾಸ್ವಾಮಿಗಳು. 2019ರಲ್ಲಿ ಲಿಂಗೈಕ್ಯರಾಗುವ ವೇಳೆಗೆ ಜಾತಿಮತಗಳ ಭೇದವಿಲ್ಲದೆ ಸಹಸ್ರಾರು ಮಕ್ಕಳು ಅಲ್ಲಿ ಪ್ರಸಾದವನ್ನೂ ವಿದ್ಯೆಯನ್ನೂ ಪಡೆಯುತ್ತಿದ್ದರು, ಇಂದಿಗೂ ಪಡೆಯುತ್ತಿರುವರು. ಪಂಕ್ತಿಯಲ್ಲಿ ಕುಳಿತು ಉಂಡವನಿಗೆ ಬಡಿಸುವುದರ ಅರ್ಥ ತಿಳಿದಿರುವುದು. ಉತ್ತರಾಧಿಕಾರಿಯನ್ನು ಮರಣಶಯ್ಯೆಯಲ್ಲಿ ಹುಡುಕಬಾರದು. ಕೈಕಾಲು ಗಟ್ಟಿಯಾಗಿರುವಾಗಲೇ ಬೆಳೆಸಬೇಕು.

ಸದ್ಭಕ್ತರೇ, ಗಂಡಸಿಯ ಸೀಮೆಯಲ್ಲಿ ಇಂತಹ ಕಾರ್ಯವನ್ನು ಕೈಕೊಳ್ಳುವವರಿಗೆ ಇಷ್ಟು ಸಾಕು. ಮಂಡಲಿಯ ಪ್ರತಿಯೊಬ್ಬನೂ ಮಕ್ಕಳಲ್ಲಿ ಇಬ್ಬರು ಮೂವರನ್ನಾದರೂ ಹೆಸರು ಹಿಡಿದು ಅರಿತಿರಲಿ. ತಿಂಗಳಿಗೊಮ್ಮೆ ಅವರೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣಲಿ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸಮನಾದ ಬಾಗಿಲಿರಲಿ. ಅಧ್ಯಕ್ಷತೆಗೆ ಕಾಲದ ಮಿತಿಯಿರಲಿ. ಹಿಂದೆ ಸಹಾಯ ಪಡೆದ ತರುಣರಿಬ್ಬರು ಮಂಡಲಿಯಲ್ಲಿ ಕುಳಿತು ಧೈರ್ಯದಿಂದ ಮಾತನಾಡಲಿ, ಹಿರಿಯರು ಕಿವಿಗೊಡಲಿ.

ತೆಂಗನ್ನು ನೆಡುವವನಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಸಸಿಯನ್ನು ಇಡುವಾಗಲೇ ಅವನು ಬಲ್ಲನು, ಇದರ ಎಳನೀರನ್ನು ಮೊದಲು ಕುಡಿಯುವವರು ಮಕ್ಕಳೆಂದು. ಆದರೂ ಪಾತಿಯನ್ನು ಅಗೆಯುವನು, ನೀರನ್ನು ಹೊರುವನು, ಮೇವಿಗೆ ಬಂದ ದನವನ್ನು ಅಟ್ಟುವನು. ಧರ್ಮದರ್ಶಿಯ ಧರ್ಮವೂ ಅಷ್ಟೇ, ಅದಕ್ಕಿಂತ ಬೇರೆಯಲ್ಲ.