ಬಾವುಟ ಬದಲಾದರೆ ನೀರು ಬರುವುದೇ? ಕೊಪ್ಪಳ ಸೀಮೆಯ ಪಾಠ

(ಬಳಗದ ವಾರ್ಷಿಕ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಕಾಡು, ಹೊಳೆ, ತೋಟಗಳ ವಿಚಾರ ಕೇಳಲೆಂದು ಬಂದಿರುವ ನಿಮ್ಮ ಮುಂದೆ ನಾನಿಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ರಾಜಕಾರಣದ ಬಗ್ಗೆ ಮಾತನಾಡಲು ನಿಂತಿದ್ದೇನೆ. ಆ ಬಯಲು ಸೀಮೆಗೂ ನಮ್ಮ ಗುಡ್ಡಗಳಿಗೂ ಏನು ನಂಟು ಎಂದು ನೀವು ಕೇಳಬಹುದು. ನಂಟು ನೀರಿನದು. ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಮುನಿರಾಬಾದಿನ ಬಳಿ ಅಣೆಕಟ್ಟೆಯಲ್ಲಿ ನಿಲ್ಲುತ್ತಾರೆ. 1953ರಲ್ಲಿ ನೀರು ತುಂಬತೊಡಗಿದಾಗ ಆ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿಗಳಷ್ಟಿತ್ತು. ಈಗ ಲೆಕ್ಕ ಹಿಡಿಯುವುದು ಸುಮಾರು 105 ಟಿಎಂಸಿ ಅಡಿ ಮಾತ್ರ. ಉಳಿದ ಜಾಗವನ್ನು ಹೂಳು ಆಕ್ರಮಿಸಿದೆ. ಮೇಲಿನ ಗುಡ್ಡಗಳ ಮೈ ಬರಿದಾದಾಗ ಕೊಚ್ಚಿಹೋದ ಮಣ್ಣೂ ಅದರಲ್ಲಿ ಸೇರಿದೆ. ಇಲ್ಲಿ ನಾವು ಮಾಡುವ ತಪ್ಪಿನ ಸುಂಕವನ್ನು ಅಲ್ಲಿಯ ರೈತ ತೆರುತ್ತಾನೆ. ಹಾಗಾಗಿ ಅಲ್ಲಿಯವರ ಅನುಭವದಿಂದ ನಾವು ಕಲಿಯಬೇಕಾದ ಋಣವೂ ನಮ್ಮ ಮೇಲಿದೆ.

ಆಳುವ ಪಕ್ಷವೊಂದರ ಮೇಲೆ ಭರವಸೆಯಿಟ್ಟು, ಆ ಭರವಸೆ ಒಡೆದಾಗ ನಾವು ಏನು ಮಾಡಬೇಕು ಎಂಬುದೇ ಇಂದಿನ ಪ್ರಶ್ನೆ.

ಮೊದಲು ನಾಯಕರ ವಿಚಾರವನ್ನು ನೋಡೋಣ. 2008ರ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷಕ್ಕೆ 224ರಲ್ಲಿ 110 ಸ್ಥಾನಗಳು ದೊರೆತವು. ಬಹುಮತಕ್ಕೆ ಮೂರು ಕಡಿಮೆ. ಬೇರೆ ಪಕ್ಷಗಳ ಶಾಸಕರು ರಾಜೀನಾಮೆ ಕೊಟ್ಟು, ಆಳುವ ಪಕ್ಷದಿಂದ ಮತ್ತೆ ಸ್ಪರ್ಧಿಸುವ ಪದ್ಧತಿ ಆಗ ಆರಂಭವಾಯಿತು. ಜನ ಅದನ್ನು ‘ಆಪರೇಷನ್ ಕಮಲ’ ಎಂದು ಕರೆದರು. ಕೊಪ್ಪಳದ ಶಾಸಕರಾಗಿದ್ದ ಸಂಗಣ್ಣ ಕರಡಿಯವರು ಜಾತ್ಯತೀತ ಜನತಾದಳವನ್ನು ಬಿಟ್ಟು 2011ರ ಸೆಪ್ಟೆಂಬರಿನ ಉಪಚುನಾವಣೆಯಲ್ಲಿ ಭಾಜಪದಿಂದ ಗೆದ್ದರು. 2014 ಮತ್ತು 2019ರಲ್ಲಿ ಅದೇ ಪಕ್ಷದಿಂದ ಲೋಕಸಭೆಗೆ ಹೋದರು. 2024ರಲ್ಲಿ ಟಿಕೆಟ್ ತಪ್ಪಿದಾಗ ಕಾಂಗ್ರೆಸ್ ಸೇರಿದರು. ಗಂಗಾವತಿಯ ಇಕ್ಬಾಲ್ ಅನ್ಸಾರಿಯವರು 2013ರಲ್ಲಿ ಜನತಾದಳದಿಂದ ಗೆದ್ದು, 2018ರ ಚುನಾವಣೆಯ ಹೊತ್ತಿಗೆ ಕಾಂಗ್ರೆಸ್ಸಿನಲ್ಲಿದ್ದರು. ಭಾಜಪ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಗಾಲಿ ಜನಾರ್ದನ ರೆಡ್ಡಿಯವರು 2022ರ ಡಿಸೆಂಬರಿನಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷವನ್ನು ಸ್ಥಾಪಿಸಿ, 2023ರಲ್ಲಿ ಗಂಗಾವತಿಯಿಂದ ಆರಿಸಿಬಂದು, 2024ರ ಮಾರ್ಚಿನಲ್ಲಿ ಆ ಪಕ್ಷವನ್ನೇ ಭಾಜಪದಲ್ಲಿ ವಿಲೀನಗೊಳಿಸಿದರು.

ಇವರಲ್ಲಿ ಒಬ್ಬೊಬ್ಬರ ಮನಸ್ಸಿನಲ್ಲಿ ಏನಿತ್ತೆಂದು ಅಳೆಯುವುದು ನನ್ನ ಉದ್ದೇಶವಲ್ಲ. ಪಕ್ಷ ಬಿಡುವುದೇ ಪಾಪವೆಂದೂ ನಾನು ಹೇಳುವುದಿಲ್ಲ. ಹೈದರಾಬಾದ್ ವಿಮೋಚನೆಗೆ ಹೋರಾಡಿದ ಅಳವಂಡಿಯ ಶಿವಮೂರ್ತಿಸ್ವಾಮಿಯವರು ಮೊದಲ ಲೋಕಸಭೆಗೆ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿಯೇ ಆರಿಸಿಬಂದವರು. 1962ರಲ್ಲಿ ಅವರನ್ನು ಕೊಪ್ಪಳದಿಂದ ಕಳುಹಿಸಿದಾಗಲೂ ಜನ ನೋಡಿದ್ದು ದೊಡ್ಡ ಪಕ್ಷವನ್ನಲ್ಲ.

ಇಲ್ಲಿ ಕಾನೂನಿನ ಒಂದು ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿತು. 2003ರ ತಿದ್ದುಪಡಿಯಿಂದ ಅದು ಇನ್ನಷ್ಟು ಬಿಗಿಯಾಯಿತು. ಗೆದ್ದ ಪಕ್ಷವನ್ನು ಬಿಟ್ಟರೆ, ಸದನದಲ್ಲಿ ಪಕ್ಷದ ಸೂಚನೆಯನ್ನು ಮೀರಿ ಮತ ಹಾಕಿದರೆ ಶಾಸಕ ಸ್ಥಾನ ಕಳೆದುಕೊಳ್ಳುತ್ತಾನೆ. ಆದರೆ ರಾಜೀನಾಮೆ ಕೊಟ್ಟು ಹೋದವನನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಒಬ್ಬನೇ ಶಾಸಕನಿರುವ ಪಕ್ಷ ಇಡಿಯಾಗಿ ವಿಲೀನವಾದರೆ ಆಗಲೂ ಅಡ್ಡಿಯಿಲ್ಲ. ಅದಕ್ಕಿಂತ ಮುಖ್ಯವಾದ ಕೊರತೆ ಇನ್ನೊಂದಿದೆ. ಶಾಸಕ ಪಕ್ಷಕ್ಕೆ ದ್ರೋಹ ಮಾಡಿದರೆ ಶಿಕ್ಷೆಯುಂಟು, ಮತದಾರನಿಗೆ ಕೊಟ್ಟ ಮಾತಿಗೆ ದ್ರೋಹ ಮಾಡಿದರೆ ಕಾನೂನಿನಲ್ಲಿ ಯಾವ ಶಿಕ್ಷೆಯೂ ಇಲ್ಲ. ಆ ಕೆಲಸ ನಮಗೇ ಉಳಿದಿದೆ.

ಹಾಗಾದರೆ ಜನ ಅದನ್ನು ಮಾಡಿದ್ದಾರೆಯೇ? ಮಾಡಿದ್ದಾರೆ. ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೇ ಸೇರಿದ ರಾಯಚೂರು ಜಿಲ್ಲೆಯ ಮಸ್ಕಿಯನ್ನು ನೋಡಿ. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಭಾಜಪದ ಬಸನಗೌಡ ತುರುವಿಹಾಳರನ್ನು ಕೇವಲ 213 ಮತಗಳಿಂದ ಸೋಲಿಸಿದರು. 2019ರಲ್ಲಿ ಸಮ್ಮಿಶ್ರ ಸರ್ಕಾರ ಬೀಳುವಾಗ ರಾಜೀನಾಮೆ ಕೊಟ್ಟವರಲ್ಲಿ ಪಾಟೀಲರೂ ಒಬ್ಬರು. 2021ರ ಏಪ್ರಿಲ್ ಉಪಚುನಾವಣೆಯಲ್ಲಿ ಅವರು ಭಾಜಪದಿಂದ ನಿಂತರು. ತುರುವಿಹಾಳರು ಕಾಂಗ್ರೆಸ್ಸಿನಿಂದ ನಿಂತರು. ಅಭ್ಯರ್ಥಿಗಳು ಅವರೇ, ಬಾವುಟಗಳು ಮಾತ್ರ ಅದಲುಬದಲು. ಈ ಸಲ ತುರುವಿಹಾಳರು 30,606 ಮತಗಳಿಂದ ಗೆದ್ದರು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಅಲ್ಲಿಯ ರೈತರು ತಿಂಗಳುಗಟ್ಟಲೆ ಧರಣಿ ಕುಳಿತಿದ್ದ ಕಾಲ ಅದು. ಅಭ್ಯರ್ಥಿಯು ಯಾವ ಪಕ್ಷದವನು ಎಂಬುದಕ್ಕಿಂತ ಕಾಲುವೆಯ ಬಗ್ಗೆ ಏನೆನ್ನುತ್ತಾನೆ ಎಂಬ ಪ್ರಶ್ನೆಯನ್ನು ಅವರು ಚುನಾವಣೆಗೆ ಮೊದಲೇ ಊರ ಮುಂದೆ ಇಟ್ಟಿದ್ದರು.

ಆದರೆ ಸೋಲಿಸುವುದಷ್ಟೇ ಸಾಕೇ? ಕುಷ್ಟಗಿ, ಯಲಬುರ್ಗಾಗಳನ್ನು ನೋಡಿದರೆ ಸಾಲದೆಂದು ತಿಳಿಯುತ್ತದೆ. ಗಂಗಾವತಿಯ ಗದ್ದೆಗಳಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯಿದೆ. ಈ ಎರಡು ತಾಲ್ಲೂಕುಗಳ ಎರೆ, ಮಸಾರಿ ಹೊಲಗಳಿಗೆ ಮಳೆಯೇ ದಿಕ್ಕು. ಜೋಳ, ಕಡಲೆ, ಸಜ್ಜೆ ಬಿತ್ತಿ ಮುಗಿಲು ನೋಡುವ ಜನ ಕೃಷ್ಣೆಯ ನೀರಿಗಾಗಿ ಕಾದಿದ್ದಾರೆ. 2010ರಲ್ಲಿ ಕೃಷ್ಣಾ ಎರಡನೆಯ ನ್ಯಾಯಾಧಿಕರಣವು ಆಲಮಟ್ಟಿಯ ಎತ್ತರವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಕೊಪ್ಪಳ ಏತ ನೀರಾವರಿಯ ಆಸೆ ನಿಂತಿರುವುದು ಆ ನೀರಿನ ಮೇಲೆ. 2013ರ ಜನವರಿಯಲ್ಲಿ ಆಗ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ ಹೊಸಪೇಟೆಯಿಂದ ಕೂಡಲಸಂಗಮಕ್ಕೆ ಕೃಷ್ಣೆಯ ಹೆಸರಿನಲ್ಲೇ ಪಾದಯಾತ್ರೆ ಮಾಡಿ, ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂತು. ಆಮೇಲೆ ಸಮ್ಮಿಶ್ರ ಸರ್ಕಾರ ಬಂತು, ಭಾಜಪ ಬಂತು, ಮತ್ತೆ ಕಾಂಗ್ರೆಸ್ ಬಂತು. 2025ರವರೆಗೂ ಆ ತೀರ್ಪಿನ ಅಧಿಸೂಚನೆ ಕೇಂದ್ರದ ಗೆಜೆಟ್ಟಿನಲ್ಲಿ ಹೊರಬಿದ್ದಿರಲಿಲ್ಲ. ಈ ಅವಧಿಯಲ್ಲಿ ಎರಡೂ ಕ್ಷೇತ್ರಗಳ ಜನ ಸುಮ್ಮನಿರಲಿಲ್ಲ. 2013, 2018, 2023 ಹೀಗೆ ಮೂರೂ ಚುನಾವಣೆಗಳಲ್ಲಿ ತಮ್ಮ ಶಾಸಕರನ್ನೂ ಪಕ್ಷವನ್ನೂ ಬದಲಿಸಿದರು. ಹೊರಸು ಬದಲಾಯಿತು, ಮಲಗಿದ್ದ ಕಡತ ಏಳಲಿಲ್ಲ. ಐದು ವರ್ಷಕ್ಕೊಮ್ಮೆ ಸಿಟ್ಟಾಗುವ ಮತದಾರನನ್ನು ಪಕ್ಷಗಳು ಸುಲಭವಾಗಿ ಸಹಿಸಿಕೊಳ್ಳುತ್ತವೆ. ಇಂದು ಸೋತರೂ ಮುಂದಿನ ಸರದಿ ತಮ್ಮದೆಂದು ಅವಕ್ಕೆ ಗೊತ್ತು.

ಈಗ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ತರುಣನಾಗಿದ್ದಾಗ ನಾನೂ ಒಂದು ಪಕ್ಷದ ಕರಪತ್ರ ಹಿಡಿದು ಮನೆಮನೆ ತಿರುಗಿದವನು. ಅದು ಅಧಿಕಾರಕ್ಕೆ ಬಂದ ಮೇಲೆ ನಮ್ಮೂರ ನೆತ್ತಿಯ ಗುಡ್ಡದಲ್ಲಿ ಕಲ್ಲು ಒಡೆಯಲು ಅನುಮತಿ ಸಿಕ್ಕಿತು. ಅಬ್ಬಿಯ ನೀರಿಗೆ ಕೆಮ್ಮಣ್ಣು ಬೆರೆಯತೊಡಗಿತು. ನೆರೆಯವರು ಅರ್ಜಿ ಬರೆದು ಸಹಿ ಕೇಳಲು ಬಂದರು. ‘ನಮ್ಮ ಸರ್ಕಾರ, ಸ್ವಲ್ಪ ತಾಳಿ’ ಎಂದು ನಾನು ಸಹಿ ಹಾಕಲಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ಹಾಕಿದೆ. ಅಷ್ಟರಲ್ಲಿ ಗುಡ್ಡದ ಒಂದು ಮಗ್ಗುಲು ಹೋಗಿತ್ತು. ಆ ಪಕ್ಷವನ್ನು ಬಿಟ್ಟದ್ದಕ್ಕೆ ನನಗೆ ನಾಚಿಕೆಯಿಲ್ಲ. ಆ ಮಳೆಗಾಲದ ಮೌನಕ್ಕೆ ಇಂದಿಗೂ ಇದೆ.

ಕೊಪ್ಪಳದ ಜನ ಇತ್ತೀಚೆಗೆ ನನಗಿಂತ ಚೆನ್ನಾಗಿ ನಡೆದುಕೊಂಡರು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದ ಹೊತ್ತಿಗೆ ಬಲ್ದೋಟ ಸಮೂಹದ 54,000 ಕೋಟಿ ರೂಪಾಯಿಗಳ ಉಕ್ಕಿನ ಕಾರ್ಖಾನೆಯ ಸುದ್ದಿ ಬಂತು. ಕಾರ್ಖಾನೆ ಬರುವುದು ನಗರದ ಮಗ್ಗುಲಲ್ಲೇ. ಗಿಣಿಗೇರಾದ ಸುತ್ತ ಮೊದಲೇ ಇರುವ ಕಬ್ಬಿಣದ ಕಾರ್ಖಾನೆಗಳ ಕಪ್ಪು ಧೂಳು ಹೊಲಗಳಿಗೆ ಬೀಳುತ್ತಿದೆ ಎಂಬ ದೂರು ಹಳೆಯದು. ಧೂಳು ಎಲೆಯ ಮೇಲೆ ಪದರಗಟ್ಟಿದರೆ ಬಿಸಿಲು ಎಲೆಗೆ ತಾಗುವುದಿಲ್ಲ, ಪತ್ರರಂಧ್ರಗಳು ಕಟ್ಟಿಕೊಂಡು ಗಿಡದ ಉಸಿರಾಟ ಕುಂದುತ್ತದೆ, ಹೂವಿನ ಮೇಲೆ ಬಿದ್ದರೆ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಮೇವಿನೊಡನೆ ಅದು ದನದ ಹೊಟ್ಟೆಯನ್ನೂ ಸೇರುತ್ತದೆ. ಅಲ್ಲಿಯ ರೈತರಿಗೆ ಇದನ್ನು ಪುಸ್ತಕದಿಂದ ಹೇಳಬೇಕಾಗಿರಲಿಲ್ಲ.

ಫೆಬ್ರವರಿ 24ರಂದು ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ನೇತೃತ್ವದಲ್ಲಿ ಕೊಪ್ಪಳ ಬಂದ್ ಆಯಿತು. ಸಮಾವೇಶ ನಡೆಸಿದ್ದು ಕಾಂಗ್ರೆಸ್ ಸರ್ಕಾರ. ಆದರೆ ವಿರೋಧಿಸಿ ಬೀದಿಗಿಳಿದವರಲ್ಲಿ ಕಾಂಗ್ರೆಸ್ಸಿನವರೂ ಇದ್ದರು, ಭಾಜಪದವರೂ ಇದ್ದರು, ರೈತ ಸಂಘಟನೆಗಳೂ ಇದ್ದವು. ಅವರು ಪಕ್ಷ ಬಿಟ್ಟು ಬರಲಿಲ್ಲ, ಪಕ್ಷದ ಮುಖ ನೋಡಿ ಬಾಯಿ ಮುಚ್ಚಿಕೊಳ್ಳಲೂ ಇಲ್ಲ. ಮಾರ್ಚಿನಲ್ಲಿ ಸರ್ವಪಕ್ಷಗಳ ನಿಯೋಗ ಮುಖ್ಯಮಂತ್ರಿಗಳನ್ನು ಕಂಡಿತು, ಕೆಲಸ ನಿಲ್ಲಿಸುವಂತೆ ಮೌಖಿಕ ಸೂಚನೆ ಹೊರಟಿತು. ಮೌಖಿಕ ಸೂಚನೆ ಲಿಖಿತ ಆದೇಶವಲ್ಲವೆಂದು ಅರಿತ ಜನ ಆಮೇಲೂ ಹೋರಾಟವನ್ನು ಕೈಬಿಡಲಿಲ್ಲ. ಅಂದು ಒಂದಾದವರು ಮುಂದಿನ ಚುನಾವಣೆಯವರೆಗೂ ಒಂದಾಗಿಯೇ ಉಳಿಯುವರೇ ಎಂಬುದು ನಿಜವಾದ ಪರೀಕ್ಷೆ.

ನಮ್ಮ ಗುಡ್ಡಗಳಿಗೂ ನಾಳೆ ಇಂಥ ದಿನ ಬಂದೀತು. ಕುದುರೆಮುಖದ ಗಣಿ ನಿಂತದ್ದು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ, 2005ರ ಕೊನೆಯಲ್ಲಿ. ಅದನ್ನು ತಂದುಕೊಟ್ಟದ್ದು ಯಾವ ಪಕ್ಷದ ಪ್ರಣಾಳಿಕೆಯೂ ಅಲ್ಲ, ಪಟ್ಟುಬಿಡದೆ ದಾಖಲೆ ಕೂಡಿಟ್ಟ ಜನ. ಆದ್ದರಿಂದ ನನ್ನ ಕೋರಿಕೆ ಸಣ್ಣದು. ಪ್ರತಿ ಊರಿನಲ್ಲಿ ಒಂದು ದಪ್ಪ ರಟ್ಟಿನ ಪುಸ್ತಕವಿರಲಿ. ಚುನಾವಣೆಗೆ ಬಂದವರು ಕೆರೆ, ಕಾಡು, ರಸ್ತೆ, ಗಣಿಗಳ ಬಗ್ಗೆ ಕೊಟ್ಟ ಮಾತು, ಕೊಟ್ಟ ದಿನ, ಹೇಳಿದ ಮೊತ್ತ ಎಲ್ಲವನ್ನೂ ಅದರಲ್ಲಿ ಬರೆಯಿರಿ. ಶಾಲೆ ಕಲಿತ ಮಕ್ಕಳು ಬರೆಯಲಿ, ಹಿರಿಯರು ಸಾಕ್ಷಿ ಹಾಕಲಿ. ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ನೀವು ಯಾವ ಪಕ್ಷದಲ್ಲಾದರೂ ಇರಿ, ನಿಮ್ಮ ಪಕ್ಷದ ಪುಟವನ್ನು ನೀವೇ ಓದಿ. ಮಾತು ಉಳಿಯದಿದ್ದರೆ ಮೊದಲು ಒಳಗಿದ್ದು ಕೇಳಿ. ಕೇಳಿದರೂ ಆಗದಿದ್ದರೆ ಹೊರಗೆ ಬನ್ನಿ. ಹೊಸ ಪಕ್ಷಕ್ಕೆ ಹೋಗುವುದಾದರೆ ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ.

ನಮ್ಮಲ್ಲಿ ಹುಟ್ಟಿದ ನೀರನ್ನು ಕುಡಿಯುವ ಕೊಪ್ಪಳದ ಜನರಿಗೂ, ಅದನ್ನು ಕಾಯಬೇಕಾದ ನಮಗೂ ಈ ಎಚ್ಚರ ಸಮಾನವಾಗಿ ಬೇಕು.