ಹಿತ್ತಲ ಸೊಪ್ಪು, ರಾತ್ರಿಯ ಊಟ

(ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಜಾಗದಲ್ಲಿ ಕವಿಗಳೂ ಮಾಸ್ತರರೂ ನಿಂತು ಮಾತಾಡಿದ್ದನ್ನು ಕೆಳಗೆ ಚಾಪೆಯ ಮೇಲೆ ಕುಳಿತು ಕೇಳಿದವರು ನಾವು. ಮೆಟ್ರಿಕ್ ಮುಗಿಸಿ, ಇಲ್ಲಿಯ ಸೊಲ್ಲಾಪುರದ ನೂಲಿನ ಗಿರಣಿಯೊಂದರಲ್ಲಿ ಹಾಜರಿ ಪುಸ್ತಕ ಬರೆಯುವ ನಮಗೆ ಸಾಹಿತ್ಯದ ಮೇಲೆ ಮಾತಾಡುವ ಅಧಿಕಾರವಿಲ್ಲ. "ನಿಮ್ಮ ಹಿತ್ತಲ ವಿಷಯವನ್ನಾದರೂ ಹೇಳಿರಿ" ಎಂದು ಕಾರ್ಯದರ್ಶಿಗಳು ಪಟ್ಟು ಹಿಡಿದುದರಿಂದ ಎದ್ದು ನಿಂತಿದ್ದೇವೆ.

ಹಿತ್ತಲು ಎಂದ ಕೂಡಲೆ ತೋಟವೆಂದು ತಿಳಿಯಬಾರದು. ಬಾಡಿಗೆ ಮನೆಯ ಹಿಂದೆ, ಬಚ್ಚಲಿಗೂ ಗೋಡೆಗೂ ನಡುವೆ ಆರು ಮೊಳ ಉದ್ದ, ನಾಲ್ಕು ಮೊಳ ಅಗಲದ ನೆಲ. ಮೂಲೆಯಲ್ಲೊಂದು ನುಗ್ಗೆ, ಗೋಡೆಗೆ ಹಬ್ಬಿದ ಬಸಳೆ, ಮಿಕ್ಕಿದ್ದೆಲ್ಲ ಎಣ್ಣೆಯ ಡಬ್ಬಿಗಳಲ್ಲಿ, ಒಡೆದ ಬಕೀಟುಗಳಲ್ಲಿ. ನುಗ್ಗೆಯ ಟೊಂಗೆಯನ್ನು ಇಂಡಿ ತಾಲೂಕಿನ ನಮ್ಮೂರಿನಿಂದ ಬಸ್ಸಿನ ಸೀಟಿನ ಕೆಳಗೆ ಮಲಗಿಸಿ ತಂದು ನೆಟ್ಟೆವು. ಕಂಡಕ್ಟರರು ಅದಕ್ಕೆ ಟಿಕೇಟು ಕೇಳಲಿಲ್ಲ, ಪುಣ್ಯವಂತರು. ನಲ್ಲಿಯಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬರುತ್ತಿದ್ದ ಕಾಲವದು. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರೇ ಗಿಡಕ್ಕೆ. ಸೋಪಿನ ನೊರೆಯ ನೀರನ್ನು ಮಾತ್ರ ಬೇರೆ ಕಡೆ ಚೆಲ್ಲುತ್ತಿದ್ದೆವು.

ಮೊದಲ ಚಳಿಗಾಲದಲ್ಲಿ ನಾವು ಮಾಡಿದ ಮೂರ್ಖತನವನ್ನು ಹೇಳಲೇಬೇಕು. ಅಡಿಗೆಮನೆಯ ಡಬ್ಬಿಯ ಮೆಂತ್ಯವನ್ನೇ ಒಂದು ರಾತ್ರಿ ನೆನೆಸಿ, ಇದ್ದಬದ್ದ ಡಬ್ಬಿಗಳಿಗೆಲ್ಲ ಒಂದೇ ದಿನ ಬಿತ್ತಿದೆವು. ನಾಲ್ಕೈದು ದಿನಕ್ಕೆ ಮೊಳಕೆ, 25 ದಿನಕ್ಕೆ ಹಸಿರೋ ಹಸಿರು! ಮುಂದಿನ ಎಂಟು ದಿನ ಮೆಂತ್ಯದ ಪಲ್ಯ, ಮೆಂತ್ಯದ ಬೇಳೆ, ರೊಟ್ಟಿಯ ಹಿಟ್ಟಿನಲ್ಲಿಯೂ ಮೆಂತ್ಯ. ಒಂಬತ್ತನೆಯ ದಿನ ಮಗಳು ತಟ್ಟೆ ಸರಿಸಿ ಎದ್ದಳು. ಅಷ್ಟರಲ್ಲಿ ಡಬ್ಬಿಗಳೂ ಬರಿದಾಗಿದ್ದವು. ಆಮೇಲೆ ತಿಂಗಳ ಕೊನೆಯವರೆಗೆ ಮತ್ತೆ ಸಂತೆಯ ಸೊಪ್ಪೇ. ಆಗ ನಮ್ಮ ಮನೆಯವರು, "ಗಿರಣಿಯಲ್ಲಿ ಎಲ್ಲರನ್ನೂ ಒಂದೇ ಪಾಳಿಗೆ ಹಾಕುತ್ತೀರೇನು?" ಎಂದು ಕೇಳಿದರು. ಅಲ್ಲಿಂದ ವಾರಕ್ಕೆ ಎರಡೇ ಡಬ್ಬಿ ಬಿತ್ತುತ್ತ ಬಂದೆವು. ಬೇಸಗೆಗೆ ಮೆಂತ್ಯ ನಿಲ್ಲದು, ಬಿಸಿಲಿಗೆ ಬಾಡುತ್ತದೆ. ಆಗ ರಾಜಗಿರಿ, ಬಸಳೆ. ಮಳೆ ಬಿದ್ದ ಮೇಲೆ ಪುಂಡಿ, ಇಲ್ಲಿಯವರ ಅಂಬಾಡಿ.

ಈ ಸೊಪ್ಪಿನ ಬೆಲೆ ನಮಗೆ ತಿಳಿದದ್ದು 2020ರಲ್ಲಿ. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿತು, ಗಿರಣಿಯೂ ನಿಂತಿತು. ಕೈಗೆ ಬಂದದ್ದು ಅರ್ಧ ಪಗಾರ. ನಮ್ಮ ಕಡೆಯ ಇಬ್ಬರು ಹುಡುಗರು ಮಗ್ಗದ ಕೆಲಸಕ್ಕೆ ಬಂದಿದ್ದವರು, ಖಾನಾವಳಿ ಮುಚ್ಚಿದ್ದರಿಂದ ಎರಡು ದಿನ ಬರಿ ಬಿಸ್ಕೀಟು ತಿಂದು ನಮ್ಮ ಬಾಗಿಲಿಗೆ ಬಂದರು. ಅವರ ಪಡಿತರ ಚೀಟಿ ಊರಲ್ಲಿ, ಹೊಟ್ಟೆ ಇಲ್ಲಿ. (ಈಗ ಆ ತೊಂದರೆ ಬೇಡ. ಊರಿನ ಚೀಟಿಗೆ ಬೇರೆ ರಾಜ್ಯದಲ್ಲಿಯೂ ಧಾನ್ಯ ಸಿಗುವ ಏರ್ಪಾಡು 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂದಿದೆ. ತಿಳಿಯದವರು ಭಾಷಣದ ಬಳಿಕ ನಮ್ಮನ್ನು ಕಾಣಬೇಕು.) ನಾವು ನಾಲ್ವರು, ಮುದುಕಿ ತಾಯಿ, ಈ ಇಬ್ಬರು, ಒಟ್ಟು ಏಳು ತಟ್ಟೆ.

ಡಬ್ಬಿಯಲ್ಲಿ ಇದ್ದದ್ದು ಜೋಳದ ಹಿಟ್ಟು, ಕಡಲೆ ಹಿಟ್ಟು, ಶೇಂಗಾ ಚಟ್ನಿ, ಸ್ವಲ್ಪ ತೊಗರಿ ಬೇಳೆ. ಹುಡುಗರು ನುಗ್ಗೆ ಹತ್ತಿ ಎಲೆ ಬಿಡಿಸಿ ಕೊಡುತ್ತಿದ್ದರು. ಉಳ್ಳಾಗಡ್ಡಿ, ಬೆಳ್ಳುಳ್ಳಿಯ ಒಗ್ಗರಣೆಗೆ ಎಲೆ ಹಾಕಿ ಬಾಡಿಸಿ, ಒಂದು ಬಟ್ಟಲು ಕಡಲೆ ಹಿಟ್ಟಿಗೆ ಎರಡು ಬಟ್ಟಲು ನೀರಿನ ಲೆಕ್ಕದಲ್ಲಿ ಕಲಸಿ ಸುರಿದು ಮುಚ್ಚಿಟ್ಟರೆ ಝುಣಕ. ಮರುದಿನ ಅದೇ ಎಲೆ ಬೇಳೆಯಲ್ಲಿ. ಮೂರನೆಯ ದಿನ ಜೋಳದ ನುಚ್ಚು, ಮಜ್ಜಿಗೆ, ಬಸಳೆಯ ಪಲ್ಯ. ಉಳಿದ ರೊಟ್ಟಿ ಗಟ್ಟಿಯಾದರೆ ಮುರಿದು, ನೀರು ಚಿಮುಕಿಸಿ, ಖಾರದ ಒಗ್ಗರಣೆಯಲ್ಲಿ ತಿರುವಿದರೆ ಅದನ್ನೇ ಮಕ್ಕಳು ಮೊದಲು ಮುಗಿಸುತ್ತಿದ್ದರು. ನಾವು ಹೆಮ್ಮೆಪಟ್ಟುಕೊಂಡೆವು: ಏಳು ಮಂದಿಗೆ ಹೊಟ್ಟೆ ತುಂಬ ಊಟ!

ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಕಂಡೆವು. ಮನೆಯವರು ಅಡಿಗೆಮನೆಯ ದೀಪ ಆರಿಸಿ, ಅರ್ಧ ರೊಟ್ಟಿಗೆ ಚಟ್ನಿ ಹಚ್ಚಿ, ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದರು. ಪಾತ್ರೆಯಲ್ಲಿ ಝುಣಕದ ಅಂಟೂ ಇರಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರೆ, "ನನಗೆ ರಾತ್ರಿ ಹಸಿವೆ ಇರುವುದಿಲ್ಲ" ಎಂದರು. ಏಳು ಎಂದು ನಾವು ಎಣಿಸಿದ್ದರಲ್ಲಿ ಹೊಟ್ಟೆ ತುಂಬಿದ್ದು ಆರು. ದಿನವೂ ನೂರಾರು ಜನರ ಹಾಜರಿ ಬರೆಯುವ ನಮ್ಮ ಲೆಕ್ಕ ನಮ್ಮ ಮನೆಯಲ್ಲಿಯೇ ತಪ್ಪಿತ್ತು.

ಮರುದಿನದಿಂದ ಏಳೂ ತಟ್ಟೆ ಸಾಲಾಗಿ ಇಟ್ಟು, ಎಲ್ಲಕ್ಕೂ ಮೊದಲೇ ಬಡಿಸಿ, ಆಮೇಲೆ ಎಲ್ಲರೂ ಒಟ್ಟಿಗೆ ಕೂರುವುದು ಎಂದಾಯಿತು. ತಾಯಿಗೆ ಅದು ಮೊದಮೊದಲು ಸರಿಬರಲಿಲ್ಲ, ಗೊಣಗಿದರು. ರೊಟ್ಟಿ ಒಂದೆರಡು ಕಡಿಮೆಯಾದರೆ ನುಚ್ಚಿನ ಗಂಜಿ ಎಲ್ಲರಿಗೂ ಒಂದೊಂದು ಬಟ್ಟಲು. ಸೊಪ್ಪು ಬಿಡಿಸುವುದು, ಉಳ್ಳಾಗಡ್ಡಿ ಹೆಚ್ಚುವುದು ಗಂಡಸರ ಪಾಲಿಗೆ ಬಂತು. ನಾವು ಬಡಿದ ಮೊದಲ ರೊಟ್ಟಿ ಭಾರತದ ನಕಾಶೆಯಂತಿತ್ತೆಂದು ಹುಡುಗರು ಇಂದಿಗೂ ನಗುತ್ತಾರೆ. ಹಿಟ್ಟಿಗೆ ಕುದಿಯುವ ನೀರು ಹಾಕದೆ ತಣ್ಣೀರಿನಲ್ಲಿ ಕಲಸಿದ್ದೆವು. ಜೋಳಕ್ಕೆ ಗೋದಿಯ ಜಿಗುಟಿಲ್ಲ, ಬಡಿದಲ್ಲೆಲ್ಲ ಬಿರುಕು. ಈಗ ಗುಂಡಗೆ ಬರುತ್ತದೆ, ದಪ್ಪ ಮಾತ್ರ ಹೋಗಿಲ್ಲ.

ಆ ಹುಡುಗರಲ್ಲಿ ಒಬ್ಬನು ಊರಿಗೆ ಮರಳಿದನು. ಇನ್ನೊಬ್ಬನು ಇಲ್ಲಿಯೇ, ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಅವನ ಖೋಲಿಯ ಕಿಟಕಿಯಲ್ಲಿಯೂ ಎರಡು ಡಬ್ಬಿಗಳಿವೆ.

ಮೇಜಿನ ಮೇಲೆ ಪತ್ರಿಕೆಗಳ ಪಕ್ಕದಲ್ಲಿ ರಾಜಗಿರಿ, ಪುಂಡಿಯ ಬೀಜದ ಪೊಟ್ಟಣಗಳನ್ನು ಇಟ್ಟಿದ್ದೇವೆ. ಪುಸ್ತಕದಂತೆ ಇವನ್ನು ಮರಳಿಸಬೇಕಾಗಿಲ್ಲ, ಸಹಿಯೂ ಬೇಡ. ಬಸಳೆಯ ಬಳ್ಳಿ ಬೇಕಾದವರು ಬರುವ ರವಿವಾರ ಒಂದು ಒದ್ದೆ ಬಟ್ಟೆಯ ತುಂಡನ್ನು ತಂದರೆ ಸುತ್ತಿ ಕೊಡುತ್ತೇವೆ.