ಉಚ್ಚ ಶಿಕ್ಷಣಕ್ಕೆ ದ್ರವ್ಯಸಹಾಯ

(ಹಲಸಿಯ ಭಕ್ತಮಂಡಲಿಯ ಮುಂದೆ ಮಾಡಿದ ಉಪನ್ಯಾಸ)



ಈ ಹಲಸಿಯು ಒಂದು ಕಾಲಕ್ಕೆ ಪಲಾಶಿಕಾ ಎಂಬ ಹೆಸರಿನಿಂದ ಕದಂಬ ಅರಸರ ಮುಖ್ಯ ನಗರಗಳಲ್ಲಿ ಒಂದಾಗಿದ್ದಿತು. ಇಲ್ಲಿಯ ನೆಲದಲ್ಲಿ ದೊರೆತ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ವಿದ್ವಾಂಸನು ಓದಿ 19ನೆಯ ಶತಮಾನದಲ್ಲಿಯೇ ಪ್ರಕಟಿಸಿದ್ದಾನೆ. ಅವುಗಳಲ್ಲಿ ಬಹುಭಾಗವು ಜೈನಧರ್ಮಕ್ಕೆ ಕೊಟ್ಟ ದತ್ತಿಗಳು. ಮೃಗೇಶವರ್ಮನು ತನ್ನ ತಂದೆಯ ಸ್ಮರಣಾರ್ಥವಾಗಿ ಈ ಊರಲ್ಲಿ ಜಿನಾಲಯವನ್ನು ಕಟ್ಟಿಸಿದನು. ಅವನ ಮಗನಾದ ರವಿವರ್ಮನ ಶಾಸನದಲ್ಲಿ ಒಂದು ವಿಶೇಷವಾದ ಕಟ್ಟಳೆಯುಂಟು. ಒಂದು ಗ್ರಾಮದ ಉತ್ಪನ್ನದಿಂದ ಪ್ರತಿವರ್ಷ ಕಾರ್ತಿಕದಲ್ಲಿ ಜಿನೇಂದ್ರನ ಉತ್ಸವವು ನಡೆಯತಕ್ಕದ್ದು. ಮಳೆಗಾಲದ ನಾಲ್ಕು ತಿಂಗಳು ಯತಿಗಳ ಯೋಗಕ್ಷೇಮವು ಅದರಿಂದಲೇ ಸಾಗತಕ್ಕದ್ದು. ಆಗಿನ ಯತಿಗಳೆಂದರೆ ಓದುವವರೂ ಓದಿಸುವವರೂ ಆಗಿದ್ದರೆಂಬುದನ್ನು ನೆನಪಿನಲ್ಲಿಡಬೇಕು. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ದಾನಿಯು ಇಂಥ ಗ್ರಾಮದ ಹಣ, ಇಂಥ ತಿಂಗಳುಗಳು, ಇಂಥ ಕಾರ್ಯ ಎಂದು ಲೋಹದ ಮೇಲೆ ಬರೆಯಿಸಿ ಕೊಟ್ಟನು. ಆ ಬರಹವು ಉಳಿದುದರಿಂದಲೇ ಆ ದಾನವು ಇಂದಿಗೂ ತಿಳಿದಿರುವದು.

ಮಳೆಗಾಲವನ್ನೇ ಆ ಅರಸನು ಆರಿಸಿಕೊಂಡುದಕ್ಕೆ ಕಾರಣವನ್ನು ಖಾನಾಪುರ ತಾಲೂಕಿನವರಿಗೆ ಹೇಳಬೇಕಾದದ್ದಿಲ್ಲ. ಈ ಮಲೆಸೀಮೆಯಲ್ಲಿ ಜೂನ ತಿಂಗಳು ಬಂದಿತೆಂದರೆ ದಾರಿಗಳು ಕೆಸರಾಗುವವು, ಹಳ್ಳಗಳು ತುಂಬುವವು. ಮನೆಯವರೆಲ್ಲರೂ ಭತ್ತದ ಗದ್ದೆಯಲ್ಲಿರುವರು. ಹೋದ ಸುಗ್ಗಿಯ ದುಡ್ಡು ಮುಗಿದಿರುವದು, ಬರುವ ಸುಗ್ಗಿಯು ಇನ್ನೂ ಐದಾರು ತಿಂಗಳಾಚೆಗೆ ಇರುವದು. ಬೀಜ, ಗೊಬ್ಬರ, ಆಳಿನ ಕೂಲಿ ಇವೆಲ್ಲ ಅದೇ ಹೊತ್ತಿಗೆ ಬಾಯಿ ತೆರೆದು ನಿಲ್ಲುವವು. ಕಾಲೇಜುಗಳ ಪ್ರವೇಶವೂ ಸರಿಯಾಗಿ ಇದೇ ಕಾಲಕ್ಕೆ ಬರುವದು. ಹನ್ನೆರಡನೆಯ ತರಗತಿಯಲ್ಲಿ ಚೆನ್ನಾಗಿ ತೇರ್ಗಡೆಯಾದ ಮಗನಿಗೆ ತಂದೆಯು "ಈ ವರ್ಷ ಬಿಡು, ಬರುವ ವರ್ಷ ನೋಡೋಣ" ಎನ್ನುವದು ಮನಸ್ಸಿಲ್ಲದ್ದಕ್ಕಲ್ಲ; ಕೈಯಲ್ಲಿ ಹಣವಿಲ್ಲದ್ದಕ್ಕೆ. ಆ ಬರುವ ವರ್ಷವು ಎಷ್ಟು ಮನೆಗಳಲ್ಲಿ ಬಂದಿದೆಯೆಂಬುದನ್ನು ಸಭೆಯಲ್ಲಿ ಕುಳಿತ ಹಿರಿಯರು ತಾವೇ ಎಣಿಸಬಲ್ಲರು.

ವಿದ್ಯೆಗೋಸ್ಕರ ಊರು ಬಿಟ್ಟು ಹೋಗುವದು ಈ ನಾಡಿಗೆ ಹೊಸದಲ್ಲ. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನೇ ತನ್ನ ಗುರುವಾದ ವೀರಶರ್ಮನೊಡನೆ ಕಾಂಚಿಯ ಘಟಿಕೆಗೆ ಓದಲು ಹೋದನೆಂದು ತಾಳಗುಂದದ ಶಾಸನವು ಹೇಳುತ್ತದೆ. ಅಲ್ಲಿ ಜಗಳವಾಡಿ ಕತ್ತಿ ಹಿಡಿದು ಅರಸನಾದದ್ದು ಬೇರೆ ಕಥೆ. ಎಲ್ಲ ವಿದ್ಯಾರ್ಥಿಗಳಿಗೂ ಆ ದಾರಿಯು ಸಲ್ಲದು.

ಇನ್ನು ಹತ್ತಿರದ ಕಾಲಕ್ಕೆ ಬರುವದಾದರೆ, ಧಾರವಾಡದಲ್ಲಿ ಕರ್ನಾಟಕ ಕಾಲೇಜು ಹುಟ್ಟಿದ್ದು 1917ರಲ್ಲಿ. ಅದಕ್ಕೂ ಮುಂಚೆ ಮುಂಬಯಿ ಕರ್ನಾಟಕದ ಹುಡುಗನು ಪದವೀಧರನಾಗಬೇಕಾದರೆ ಪುಣೆಗೋ ಮುಂಬಯಿಗೋ ಕೊಲ್ಲಾಪುರಕ್ಕೋ ಹೋಗಬೇಕಾಗಿದ್ದಿತು. ಭಾಷೆ ಬೇರೆ, ಊಟ ಬೇರೆ, ಖರ್ಚು ಹೆಚ್ಚು. ಒಕ್ಕಲುತನದ ಮತ್ತು ವ್ಯಾಪಾರದ ಮನೆತನಗಳಿಂದ ಬಂದ ಲಿಂಗಾಯತ ತರುಣರಲ್ಲಿ ಈ ಖರ್ಚನ್ನು ತಾಳಬಲ್ಲವರು ಬೆರಳೆಣಿಕೆಯವರು. ಈ ಕೊರತೆಯನ್ನು ಕಂಡ ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ಅವರು ಮೊದಲು ಕಟ್ಟಿದ್ದು ಶಾಲೆಯನ್ನಲ್ಲ, ನಿಧಿಯನ್ನು. ಕಟ್ಟಡವಿಲ್ಲದಿದ್ದರೂ ಬುದ್ಧಿವಂತ ಹುಡುಗನು ಪರಊರಿನ ಕಾಲೇಜಿನಲ್ಲಿ ಓದಬಲ್ಲನು, ಆದರೆ ಊಟಕ್ಕೂ ಫೀಗೂ ದುಡ್ಡಿಲ್ಲದಿದ್ದರೆ ಎದುರುಮನೆಯೇ ಕಾಲೇಜಾದರೂ ಒಳಗೆ ಹೋಗಲಾರನು. ಇದನ್ನು ಅವರು ಚೆನ್ನಾಗಿ ತಿಳಿದಿದ್ದರು. ಈ ತಿಳಿವಳಿಕೆಯು ಇಂದಿನ ಎಷ್ಟೋ ದಾನಿಗಳಿಗೆ ಇಲ್ಲವೆಂದು ಹೇಳಬೇಕಾಗಿರುವದು ದುಃಖದ ಸಂಗತಿ. ಗೋಡೆಯ ಮೇಲೆ ಹೆಸರು ಕೆತ್ತಿಸಲು ಹಣ ಬರುವಷ್ಟು ಸುಲಭವಾಗಿ ವಿದ್ಯಾರ್ಥಿಯ ತಿಂಗಳ ಖರ್ಚಿಗೆ ಹಣವು ಬರುವದಿಲ್ಲ.

ಶಿರಸಂಗಿಯ ಲಿಂಗರಾಜ ದೇಸಾಯಿಯವರ ಹೆಸರನ್ನು ಈ ಜಿಲ್ಲೆಯಲ್ಲಿ ಕೇಳದವರಿಲ್ಲ. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ, ದತ್ತಕದಿಂದ ಶಿರಸಂಗಿಯ ದೇಸಗತಿಗೆ ಬಂದ ಆ ಮಹಾನುಭಾವರು 1904ರಲ್ಲಿ ಧಾರವಾಡದಲ್ಲಿ ನೆರೆದ ಅಖಿಲ ಭಾರತ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದರು. 1906ರಲ್ಲಿ ಲಿಂಗೈಕ್ಯರಾಗುವ ಮುಂಚೆ ಮೃತ್ಯುಪತ್ರವನ್ನು ಬರೆದು, ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಮುಡಿಪಿಟ್ಟರು. ಆ ವಿಶ್ವಸ್ತ ನಿಧಿಯಿಂದ ಶಿಷ್ಯವೇತನ ಪಡೆದು ಓದಿದವರು ಅಂದಿನಿಂದ ಎಷ್ಟೋ ಮಂದಿ. ಔರಸ ಸಂತಾನವಿಲ್ಲದ ದೇಸಾಯಿಯವರಿಗೆ ಹೀಗೆ ಮಕ್ಕಳಾದರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ ಸೊಸಾಯಿಟಿಯು ಸ್ಥಾಪಿತವಾಯಿತು. ಅದರ ಮೊದಲನೆಯ ಹೈಸ್ಕೂಲಿಗೆ ಗಿಲಗಂಚಿ ಅರಟಾಳ ಎಂದೂ, 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜ ಎಂದೂ ಹೆಸರಿಟ್ಟದ್ದು ಈ ಋಣದ ಸ್ಮರಣೆಗಾಗಿಯೇ.

ನಿಧಿಯೊಂದರಿಂದಲೇ ಎಲ್ಲವೂ ಆಗಲಿಲ್ಲ. ಹುಡುಗನಿಗೆ ಫೀ ಸಿಕ್ಕಿತು, ಆದರೆ ಊಟವೆಲ್ಲಿ? ಇದಕ್ಕೆ ಉತ್ತರ ಕೊಟ್ಟದ್ದು ಮಠಗಳು. ತುಮಕೂರಿನ ಸಿದ್ಧಗಂಗೆಯಲ್ಲಿ, ಧಾರವಾಡದ ಮುರುಘಾಮಠದಲ್ಲಿ, ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳ ಆಶ್ರಯದಲ್ಲಿ ಉಚಿತ ಪ್ರಸಾದನಿಲಯಗಳು ನಡೆದುವು. ಸ್ವಾಮಿಗಳು ಹಳ್ಳಿಹಳ್ಳಿ ತಿರುಗಿ ಜೋಳ, ಗೋದಿ, ಬೇಳೆಗಳನ್ನು ಭಿಕ್ಷೆಯಾಗಿ ತಂದು ಮಕ್ಕಳಿಗೆ ಉಣಿಸಿದರು. ಅಂದು ಒಂದು ಸೇರು ಜೋಳ ಕೊಟ್ಟ ರೈತನಿಗೆ ಅದು ಯಾವ ಹುಡುಗನ ಹೊಟ್ಟೆ ಸೇರಿತೆಂಬುದು ತಿಳಿದಿರಲಿಲ್ಲ. ತಿಳಿಯಬೇಕೆಂದು ಅವನು ಕೇಳಲೂ ಇಲ್ಲ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಸಮಾಜದ ಹೆಸರಿನಲ್ಲಿ ಕೂಡಿಸಿದ ನಿಧಿಯು ಆ ಸಮಾಜದವರಿಗೆ ಮಾತ್ರ ದೊರೆತಾಗ ಹೊರಗುಳಿದವರ ಗತಿಯೇನು? ಬಡೋದೆಯ ಸಯಾಜೀರಾವ ಮಹಾರಾಜರು 1913ರಲ್ಲಿ ಭೀಮರಾವ ಅಂಬೇಡಕರರಿಗೆ ಮೂರು ವರ್ಷ, ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಶಿಷ್ಯವೇತನ ಕೊಟ್ಟು ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಕೊಡುವವರೂ ಪಡೆಯುವವರೂ ಅಲ್ಲಿ ಒಂದೇ ಜಾತಿಯವರಾಗಿರಲಿಲ್ಲ. ಕೊಲ್ಲಾಪುರದ ಶಾಹೂ ಮಹಾರಾಜರು ಬೇರೆಬೇರೆ ಸಮಾಜಗಳ ಹುಡುಗರಿಗೆ ವಸತಿಗೃಹಗಳನ್ನು ಕಟ್ಟಿಸಿಕೊಟ್ಟರು, ಲಿಂಗಾಯತರಿಗೂ ಅದರಲ್ಲಿ ಪಾಲು ದೊರೆಯಿತು. ಪರಿಶಿಷ್ಟ ಜಾತಿಯ ಕಾಲೇಜು ವಿದ್ಯಾರ್ಥಿಗಳಿಗೆ ಕೇಂದ್ರ ಸರಕಾರದ ವಿದ್ಯಾರ್ಥಿವೇತನವು 1944ರಲ್ಲಿಯೇ ಮೊದಲಾಯಿತು. ಹಸಿದವನ ಕುಲವನ್ನು ಕೇಳದೆ ಪ್ರಸಾದವನ್ನು ಬಡಿಸುವ ಮಠವು ಈ ವಿಷಯದಲ್ಲಿ ನಿಧಿಗಿಂತ ಒಂದು ಹೆಜ್ಜೆ ಮುಂದಿರುವದೆಂದರೆ ತಪ್ಪಾಗದು.

ಈಗಿನ ಕಾಲದ ಸಂಗತಿಯನ್ನು ನೋಡೋಣ. ಸಹಾಯವು ಇಂದು ಇಲ್ಲವೆನ್ನುವ ಹಾಗಿಲ್ಲ. ಇದ್ದ ಸಹಾಯವು ಕೈಗೆ ಮುಟ್ಟುವದಿಲ್ಲ, ಅದೇ ತೊಡಕು. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ, ಅವರಲ್ಲಿ 3ಬಿ ವರ್ಗದವರಾದ ವೀರಶೈವ ಲಿಂಗಾಯತರಿಗೂ, ಮೆಟ್ರಿಕ ನಂತರದ ವಿದ್ಯಾರ್ಥಿವೇತನವುಂಟು, ಶುಲ್ಕವಿನಾಯಿತಿಯುಂಟು. ವಸತಿನಿಲಯದಲ್ಲಿ ಜಾಗ ಸಿಕ್ಕದವರಿಗೆ 2013-14ರಿಂದ ವಿದ್ಯಾಸಿರಿ ಎಂಬ ಯೋಜನೆಯುಂಟು. ಆರಂಭದಲ್ಲಿ ಅದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷದ ಹತ್ತು ತಿಂಗಳಿಗೆ 15,000 ರೂಪಾಯಿ ಇದ್ದಿತು. 2020ರಲ್ಲಿ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮವೂ ಏರ್ಪಟ್ಟಿತು. ಇವುಗಳ ಅರ್ಜಿಯು ಈಗ ಕಾಗದದ ಮೇಲೆ ಇಲ್ಲ, ಗಣಕಯಂತ್ರದ ಮೂಲಕ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ತುಂಬತಕ್ಕದ್ದು. ಹಣವು ಯಾರ ಕೈಗೂ ಬಾರದೆ ನೇರವಾಗಿ ವಿದ್ಯಾರ್ಥಿಯ ಬ್ಯಾಂಕ ಖಾತೆಗೆ ಜಮೆಯಾಗುವದು. ಇದು ಒಳ್ಳೆಯದೇ, ನಡುವಿನವರ ಬಾಯಿ ಕಟ್ಟಿತು. ಆದರೆ ಖಾತೆಗೆ ಆಧಾರ ಸಂಖ್ಯೆಯು ಜೋಡಿಸಲ್ಪಟ್ಟಿರದಿದ್ದರೆ, ಮಂಜೂರಾದ ಹಣವೂ ಬಾಗಿಲಲ್ಲಿಯೇ ನಿಲ್ಲುವದು.

ಖಾನಾಪುರದಂಥ ಗಡಿ ತಾಲೂಕಿಗೆ ಮತ್ತೊಂದು ವಿಶೇಷ ತೊಂದರೆಯುಂಟು. ಇಲ್ಲಿ ಒಂದೇ ಓಣಿಯಲ್ಲಿ ಕನ್ನಡ ಶಾಲೆಯ ಮಕ್ಕಳೂ ಮರಾಠಿ ಶಾಲೆಯ ಮಕ್ಕಳೂ ಇರುವರು. ಶಾಲೆಯ ದಾಖಲೆಯಲ್ಲಿ ಹೆಸರು ಒಂದು ಬಗೆ, ಆಧಾರ ಚೀಟಿಯಲ್ಲಿ ಇನ್ನೊಂದು ಬಗೆ, ಹೊಲದ ಉತಾರದಲ್ಲಿ ತಂದೆಯ ಹೆಸರು ಮೂರನೆಯ ಬಗೆ. ಒಂದೆಡೆ ಅಡ್ಡಹೆಸರು ಮುಂದೆ, ಇನ್ನೊಂದೆಡೆ ಹಿಂದೆ. ಊರಲ್ಲಿ ಎಲ್ಲರಿಗೂ ಅವನು ಒಬ್ಬನೇ. ಯಂತ್ರಕ್ಕೆ ಅವನು ಮೂವರು. ಇದನ್ನು ಸರಿಪಡಿಸಲು ನಾಡಕಚೇರಿಗೂ ಶಾಲೆಗೂ ಬ್ಯಾಂಕಿಗೂ ಅಲೆಯುವಷ್ಟರಲ್ಲಿ ಅರ್ಜಿಯ ಕೊನೆಯ ದಿನವು ಕಳೆದುಹೋಗುವದು. ಆದುದರಿಂದ ಜಾತಿಯ ಮತ್ತು ಉತ್ಪನ್ನದ ಪ್ರಮಾಣಪತ್ರಗಳನ್ನೂ ಹೆಸರಿನ ತಿದ್ದುಪಡಿಯನ್ನೂ ಫಲಿತಾಂಶ ಬಂದ ಮೇಲೆ ಅಲ್ಲ, ಪರೀಕ್ಷೆಗೆ ಕೂಡ್ರುವ ವರ್ಷದಲ್ಲಿಯೇ ಮಾಡಿಸಿಕೊಳ್ಳತಕ್ಕದ್ದು.

ಉತ್ಪನ್ನದ ವಿಷಯದಲ್ಲಿ ಒಂದು ಎಚ್ಚರಿಕೆ. ಮಿತಿಯೊಳಗೆ ಬರಬೇಕೆಂದು ಇದ್ದುದನ್ನು ಇಲ್ಲವೆಂದು ಬರೆಯಿಸುವವರು ಅಲ್ಲಲ್ಲಿ ಇರುವರು. ಕಾಯಕದಿಂದ ಬಂದುದನ್ನೇ ಪ್ರಸಾದವೆಂದು ತಿಳಿಯುವ ಪರಂಪರೆಯವರಿಗೆ ಇದು ಒಪ್ಪತಕ್ಕ ಮಾತಲ್ಲ. ಅಂಥವನು ಪಡೆದ ಪ್ರತಿಯೊಂದು ರೂಪಾಯಿಯೂ ನಿಜವಾಗಿ ಬಡವನಾದ ಇನ್ನೊಬ್ಬ ಹುಡುಗನ ತಟ್ಟೆಯಿಂದ ತೆಗೆದದ್ದು. ಇದಕ್ಕೆ ವಿರುದ್ಧವಾದ ದೋಷವೂ ಉಂಟು, ಈ ಭಾಗದಲ್ಲಿ ಅದೇ ಹೆಚ್ಚು. ಮರ್ಯಾದೆಯ ಮನೆತನ, ನಾಲ್ಕು ಜನ ಏನೆಂದಾರು, ಸರಕಾರದ ಮುಂದೆ ಕೈಯೊಡ್ಡುವದೇ, ಎಂದು ಅರ್ಜಿಯನ್ನೇ ಹಾಕದಿರುವದು. ಕೈಯೊಡ್ಡಲು ನಾಚಿದ ಈ ಯಜಮಾನನೇ ಮರುದಿನ ಹೊಲವನ್ನು ಅಡವಿಟ್ಟು ಸಾಹುಕಾರನಿಂದ ಸಾಲ ತರುವನು. ಅಲ್ಲಿ ಬಡ್ಡಿಯೂ ಹೆಚ್ಚು, ಹೊಲವು ಕೈಬಿಡುವ ಭಯವೂ ಉಂಟು. ಮನೆಯ ಮರ್ಯಾದೆಯು ಯಾವುದರಿಂದ ಹೆಚ್ಚಾಗಿ ಹೋಗುವದೆಂಬುದನ್ನು ಅವನು ವಿಚಾರಿಸಿ ನೋಡಲಿ. ಸರಕಾರದ ಹಣವೆಂದರೆ ಅವನೂ ಅಂಗಡಿಯಲ್ಲಿ ಕೊಂಡ ವಸ್ತುಗಳ ಮೇಲೆ ತೆತ್ತ ತೆರಿಗೆಯಲ್ಲವೇ?

ಸಾಲವೇ ಬೇಕಾದಾಗ ಬ್ಯಾಂಕಿನ ಶಿಕ್ಷಣಸಾಲವು ಸಾಹುಕಾರನ ಸಾಲಕ್ಕಿಂತ ಮೇಲು. 2024ರ ನವೆಂಬರದಲ್ಲಿ ಕೇಂದ್ರ ಸರಕಾರವು ಮಂಜೂರು ಮಾಡಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮೀ ಯೋಜನೆಯಲ್ಲಿ ಅಡವಾಗಲಿ ಜಾಮೀನಾಗಲಿ ಇಲ್ಲದೆ ಸಾಲ ದೊರೆಯುವದು. ಕುಟುಂಬದ ವಾರ್ಷಿಕ ಉತ್ಪನ್ನವು 8 ಲಕ್ಷ ರೂಪಾಯಿಯೊಳಗೆ ಇದ್ದು ಬೇರೆ ಸರಕಾರಿ ಸಹಾಯ ಪಡೆಯದವರಿಗೆ, 10 ಲಕ್ಷದವರೆಗಿನ ಸಾಲಕ್ಕೆ ಶೇಕಡಾ 3ರಷ್ಟು ಬಡ್ಡಿಯ ರಿಯಾಯತಿಯನ್ನು ಇಟ್ಟಿದೆ. ಆದರೆ ಇದು ಗುಣಮಟ್ಟದ ಶ್ರೇಣಿಯಲ್ಲಿ ಆರಿಸಿದ ಸಂಸ್ಥೆಗಳಿಗೆ ಮಾತ್ರ. ಆರಂಭದಲ್ಲಿ ಅವು 860 ಇದ್ದುವು. ಹೋಗುವ ಕಾಲೇಜು ಆ ಪಟ್ಟಿಯಲ್ಲಿ ಉಂಟೋ ಇಲ್ಲವೋ ಎಂದು ಮೊದಲು ನೋಡಬೇಕು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟುವದಿಲ್ಲವೆಂದರೆ ಬಡ್ಡಿಯು ಬೆಳೆಯುವದಿಲ್ಲವೆಂದು ಅರ್ಥವಲ್ಲ. ಸಾಲದ ಕಾಗದಕ್ಕೆ ಸಹಿ ಮಾಡುವ ಮುಂಚೆ ಹುಡುಗನೂ ತಂದೆಯೂ ಕೂಡಿ ಕುಳಿತು, ಆ ಓದಿನಿಂದ ದೊರೆಯಬಹುದಾದ ಸಂಬಳವೆಷ್ಟು, ತಿಂಗಳ ಕಂತು ಎಷ್ಟು ಎಂದು ಒಂದು ಹಾಳೆಯ ಮೇಲೆ ಲೆಕ್ಕ ಹಾಕಬೇಕು. ಯಾರೋ ಹೇಳಿದರೆಂದು ದೂರದ ದುಬಾರಿ ಕಾಲೇಜಿಗೆ ಓಡುವದಕ್ಕಿಂತ ಬೆಳಗಾವಿಯ ಸಾಧಾರಣ ಕಾಲೇಜಿನಲ್ಲಿ ಸಾಲವಿಲ್ಲದೆ ಪದವಿ ಪಡೆಯುವದು ಎಷ್ಟೋ ಮಕ್ಕಳಿಗೆ ಹಿತಕರವಾದದ್ದು.

ಹೆಣ್ಣುಮಕ್ಕಳ ಮಾತು ಇನ್ನೂ ಉಳಿದಿದೆ. ಮಗನ ಫೀಗಾಗಿ ಹೊಲ ಅಡವಿಡುವ ತಂದೆಯು ಮಗಳ ಮದುವೆಗಾಗಿ ಅದನ್ನು ಅಡವಿಡುವನು. ಮಗಳ ಓದಿಗಾಗಿ ಅಡವಿಟ್ಟವನು ವಿರಳ. 2023ರ ಜೂನದಿಂದ ರಾಜ್ಯದ ಸರಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಶಕ್ತಿ ಯೋಜನೆಯ ಪ್ರಕಾರ ಪ್ರಯಾಣವು ಉಚಿತವಾಯಿತು. ಹಲಸಿಯಿಂದ ನಂದಗಡ, ಖಾನಾಪುರಗಳಿಗೂ ಅಲ್ಲಿಂದ ಬೆಳಗಾವಿಗೂ ಹೋಗಿಬರುವ ಹುಡುಗಿಗೆ ಇದೂ ಒಂದು ಶಿಷ್ಯವೇತನವೇ, ಅರ್ಜಿಯಿಲ್ಲದೆ ದೊರೆತದ್ದು. "ಬಸ್ಸಿನ ಖರ್ಚು ಯಾರು ಕೊಡಬೇಕು" ಎಂಬ ನೆಪವು ಅಲ್ಲಿಗೆ ತೀರಿತು. ಉಳಿದ ನೆಪಗಳನ್ನು ತೀರಿಸುವದು ತಾಯಂದಿರ ಕೈಯಲ್ಲಿದೆ.

ಮಠದ ಭಕ್ತರಲ್ಲಿ ಈಗ ಪದವೀಧರರು ಸಾಕಷ್ಟು ಜನರಿದ್ದಾರೆ, ಅವರಲ್ಲಿ ಹಲವರು ಶಿಷ್ಯವೇತನದ ಅನ್ನವನ್ನೇ ಉಂಡವರು. ಏಪ್ರಿಲ, ಮೇ ತಿಂಗಳುಗಳಲ್ಲಿ ಗದ್ದೆಯ ಕೆಲಸವು ಕಡಿಮೆ, ದಾರಿಗಳೂ ಒಣಗಿರುವವು. ಆ ಎರಡು ತಿಂಗಳ ಸೋಮವಾರಗಳಲ್ಲಿ ಇಬ್ಬರೋ ಮೂವರೋ ಮಠದ ಪಡಸಾಲೆಯಲ್ಲಿ ಒಂದು ಗಣಕಯಂತ್ರವನ್ನಿಟ್ಟುಕೊಂಡು ಕುಳಿತು, ಬಂದ ಮಕ್ಕಳ ಉತಾರ, ಅಂಕಪಟ್ಟಿ, ಆಧಾರ, ಬ್ಯಾಂಕಪುಸ್ತಕಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಹೆಸರುಗಳನ್ನು ತಾಳೆ ನೋಡಲಿ. ಯಾವ ಜಾತಿಯ ಹುಡುಗನು ಬಂದರೂ ನೋಡಲಿ. ತಪ್ಪಿದ್ದಲ್ಲಿ ಯಾವ ಕಚೇರಿಗೆ ಹೋಗಬೇಕೆಂದು ಬರೆದುಕೊಡಲಿ, ಅರ್ಜಿಯನ್ನು ತುಂಬಿದ ದಿನವನ್ನೂ ಅದರ ಸಂಖ್ಯೆಯನ್ನೂ ಒಂದು ವಹಿಯಲ್ಲಿ ಗುರುತು ಹಾಕಿಡಲಿ. ಹಣ ಜಮೆಯಾಗದವರ ಹೆಸರುಗಳು ದೀಪಾವಳಿಯ ಹೊತ್ತಿಗೆ ಆ ವಹಿಯಿಂದಲೇ ತಿಳಿದುಬರುವವು. ಆಗ ಕಚೇರಿಗೆ ಹೋಗಿ ವಿಚಾರಿಸಲು ಇನ್ನೂ ಸಮಯವಿರುವದು.